ದೋಷವಿರುವ ಹಳೆಯ ನಾಣ್ಯಕ್ಕೆ ಆನ್‌ಲೈನ್‌ನಲ್ಲಿ ನ್ಯಾಯವಾದ ಬೆಲೆ ಕಟ್ಟುವ ಬಗೆ

ಮನೆಯ ಹಳೆಯ ಪೆಟ್ಟಿಗೆಯಲ್ಲಿ ಸಿಗುವ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗಳಲ್ಲಿ ಊನವಿಲ್ಲದವು ಕಡಿಮೆ. ಒಂದಕ್ಕೆ ಸರದಲ್ಲಿ ಪೋಣಿಸಲೆಂದು ತೂತು ಕೊರೆದಿರುತ್ತಾರೆ. ಇನ್ನೊಂದಕ್ಕೆ ಅಕ್ಕಸಾಲಿಗರು ಕೊಂಡಿ ಬೆಸೆದು, ಮುಂದೆ ಯಾವಾಗಲೋ ಅದನ್ನು ಕಿತ್ತಿರುತ್ತಾರೆ. ಮತ್ತೊಂದು ವರ್ಷವರ್ಷವೂ ಲಕ್ಷ್ಮೀಪೂಜೆಗೆಂದು ಹುಣಸೆಹಣ್ಣು ಹಾಕಿ ತಿಕ್ಕಿಸಿಕೊಂಡು ರಾಜನ ಮುಖವನ್ನೇ ಕಳೆದುಕೊಂಡಿರುತ್ತದೆ. ಇಂತಹ ನಾಣ್ಯಗಳು ಈಗ ಮಾರಾಟದ ಜಾಲತಾಣಗಳಲ್ಲಿ, ಫೇಸ್‌ಬುಕ್ ಗುಂಪುಗಳಲ್ಲಿ, ವಾಟ್ಸಾಪ್ ಹರಾಜುಗಳಲ್ಲಿ ದಿನವೂ ಕೈ ಬದಲಾಯಿಸುತ್ತವೆ. ಅಂಗಡಿಯಲ್ಲಾದರೆ ಕೊಳ್ಳುವವರು ನಾಣ್ಯವನ್ನು ಕೈಯಲ್ಲಿ ಹಿಡಿದು, ಅಂಚನ್ನು ತಿರುಗಿಸಿ, ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಬಲ್ಲರು. ಪರದೆಯ ಮೇಲೆ ಅವರಿಗೆ ಸಿಗುವುದು ನೀವು ತೆಗೆದ ಚಿತ್ರ ಮತ್ತು ನೀವು ಬರೆದ ನಾಲ್ಕು ಸಾಲು ಮಾತ್ರ.

ಹೀಗಾಗಿ ಆನ್‌ಲೈನ್ ಮಾರಾಟದಲ್ಲಿ ಬೆಲೆಯನ್ನು ವಿವರಣೆಯಿಂದ ಬೇರೆ ಮಾಡಿ ನೋಡಲು ಬರುವುದಿಲ್ಲ. ಕಡಿಮೆ ಬೆಲೆ ಇಟ್ಟಿದ್ದೇನೆ ಎಂಬುದು ದೋಷವನ್ನು ಹೇಳದಿರಲು ಕಾರಣವಾಗಲಾರದು. ದೋಷವನ್ನು ಹೇಳಿಬಿಟ್ಟಿದ್ದೇನೆ ಎಂಬುದು ಮನಬಂದ ಬೆಲೆ ಕೇಳಲು ಪರವಾನಗಿಯೂ ಆಗಲಾರದು. ಮುಂದಿನ ಹೆಜ್ಜೆಗಳನ್ನು ಈ ಎರಡು ಮಾತುಗಳನ್ನು ಆಧರಿಸಿ ಬರೆಯಲಾಗಿದೆ. ಉದಾಹರಣೆಗಳು ಬಹುಪಾಲು ಬ್ರಿಟಿಷ್ ಇಂಡಿಯಾದ ರೂಪಾಯಿಗಳವು, ಏಕೆಂದರೆ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಉಳಿದಿರುವುದು ಅವೇ.

ಮೊದಲು ತೂಕ, ಆಮೇಲೆ ಬೆಲೆಯ ಯೋಚನೆ

ನೂರನೇ ಒಂದು ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಒಂದು ಅಯಸ್ಕಾಂತ: ಆರಂಭಕ್ಕೆ ಇಷ್ಟು ಸಾಕು. 1835ರಿಂದ 1939ರವರೆಗಿನ ಬೆಳ್ಳಿ ರೂಪಾಯಿಯ ನಿಗದಿತ ತೂಕ 11.66 ಗ್ರಾಂ; ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು, ಎಂದರೆ ಸುಮಾರು 10.69 ಗ್ರಾಂ, ಶುದ್ಧ ಬೆಳ್ಳಿ. 1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. 1946 ಮತ್ತು 1947ರ ರೂಪಾಯಿಗಳು ನಿಕ್ಕಲ್ಲಿನವು, ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತವೆ. ಅವುಗಳಲ್ಲಿ ಬೆಳ್ಳಿಯೇ ಇಲ್ಲ. 1947ರ ರೂಪಾಯಿಯನ್ನು 'ಸ್ವಾತಂತ್ರ್ಯದ ವರ್ಷದ ಬೆಳ್ಳಿ ನಾಣ್ಯ' ಎಂದು ಮಾರುವವರು ಇಂದಿಗೂ ಇದ್ದಾರೆ. ಅದು ಗೊತ್ತಿಲ್ಲದೆ ಆಗುವ ತಪ್ಪು ಎಂದು ಎಷ್ಟು ಬಾರಿ ನಂಬಬಹುದು ಎಂಬುದು ಬೇರೆ ಮಾತು.

ತೂಕವನ್ನು ಬರೆದಿಟ್ಟುಕೊಳ್ಳಿ. ಕೈಯಿಂದ ಕೈಗೆ ಓಡಾಡಿ ಸವೆದ ರೂಪಾಯಿ 11.4 ಅಥವಾ 11.5 ಗ್ರಾಂ ತೂಗುವುದು ಸಹಜ. ಅದಕ್ಕಿಂತ ತೀರಾ ಕಡಿಮೆಯಿದ್ದರೆ ಅಂಚನ್ನು ಅರೆದಿರಬಹುದು, ತೂತು ಕೊರೆದಿರಬಹುದು ಅಥವಾ ನಾಣ್ಯವೇ ನಕಲಿಯಾಗಿರಬಹುದು. ನಿಗದಿತ ತೂಕಕ್ಕಿಂತ ಹೆಚ್ಚಿದ್ದರೆ ಬೆಸುಗೆಯ ಲೋಹ ಎಲ್ಲಿಯಾದರೂ ಉಳಿದಿದೆಯೇ ಎಂದು ಅಂಚಿನ ಸುತ್ತ ಹುಡುಕಬೇಕು. ನಾಣ್ಯ ಅಸಲಿಯೇ ಎಂಬ ಅನುಮಾನ ಪರಿಹಾರವಾಗುವವರೆಗೆ ಮುಂದಿನ ಹೆಜ್ಜೆ ಇಡಬಾರದು. ನಕಲಿ ನಾಣ್ಯಕ್ಕೆ 'ದೋಷದ ಬೆಲೆ' ಎಂಬುದೇ ಇಲ್ಲ.

ಸವೆತ ಬೇರೆ, ಹಾನಿ ಬೇರೆ

ಚಲಾವಣೆಯಲ್ಲಿ ಸವೆಯುವುದು ನಾಣ್ಯದ ಸಹಜ ಬಾಳು, ಅದನ್ನು ದರ್ಜೆಯ ಪದಗಳಿಂದಲೇ ಹೇಳಬಹುದು. ತೂತು, ಗೀರು, ಪಾಲಿಶ್, ಬೆಸುಗೆ, ಆಮ್ಲದಲ್ಲಿ ತೊಳೆದದ್ದು, ಅಕ್ಷರ ಕೆತ್ತಿದ್ದು ಇವೆಲ್ಲ ಹಾನಿಗಳು. ಎನ್‌ಜಿಸಿ, ಪಿಸಿಜಿಎಸ್‌ನಂತಹ ಅಮೆರಿಕದ ದರ್ಜೆ ನೀಡುವ ಸಂಸ್ಥೆಗಳು ಈ ಎರಡನ್ನು ಬೆರೆಸುವುದಿಲ್ಲ. 1ರಿಂದ 70ರವರೆಗಿನ ಶೆಲ್ಡನ್ ಮಾಪನದಲ್ಲಿ ಹಾನಿಯಿಲ್ಲದ ನಾಣ್ಯಕ್ಕೆ ಅಂಕ ಸಿಗುತ್ತದೆ. ಹಾನಿಯಾದದ್ದಕ್ಕೆ ಎನ್‌ಜಿಸಿ ಅಂಕ ಕೊಡದೆ 'ಡೀಟೇಲ್ಸ್' ಎಂದು ಬರೆದು, ಕೆಳಗೆ ಹಾನಿ ಯಾವುದೆಂದು ನಮೂದಿಸುತ್ತದೆ. ಮನೆಯಲ್ಲಿ ಕುಳಿತು ಮಾರುವವರೂ ಇದೇ ಪದ್ಧತಿಯನ್ನು ಅನುಸರಿಸಬಹುದು. 'ವೆರಿ ಫೈನ್' (ಸವೆದರೂ ಬಹುಪಾಲು ವಿವರ ಉಳಿದಿರುವ ದರ್ಜೆ) ಎಂದು ಬರೆದು ಚಿತ್ರದಲ್ಲಿ ತೂತು ಕಾಣಿಸಿದರೆ ಸಾಕು ಎಂದುಕೊಳ್ಳುವುದು ಸರಿಯಲ್ಲ. 'ವೆರಿ ಫೈನ್‌ನಷ್ಟು ವಿವರ ಉಳಿದಿದೆ, ಆದರೆ ತೂತು ಬಿದ್ದಿದೆ' ಎಂದು ಬರೆಯುವುದು ಸರಿ.

ಹಾನಿಗಳಲ್ಲೆಲ್ಲ ಹೆಚ್ಚು ಮೋಸಕ್ಕೆ ಎಡೆಮಾಡುವುದು ಮುಚ್ಚಿದ ತೂತು. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯೊಂದನ್ನು ತೆಗೆದುಕೊಳ್ಳೋಣ. ಸರಕ್ಕೆಂದು ಕೊರೆದ ತೂತು ಸಾಮಾನ್ಯವಾಗಿ ಕಿರೀಟದ ಮೇಲ್ಗಡೆ ಅಂಚಿನ ಬಳಿ ಇರುತ್ತದೆ, ಏಕೆಂದರೆ ತೂಗುಬಿಟ್ಟಾಗ ರಾಣಿಯ ಮುಖ ನೆಟ್ಟಗೆ ಕಾಣಬೇಕು. ಆ ಜಾಗಕ್ಕೆ ಬೆಳ್ಳಿ ತುಂಬಿ, ಅರದಿಂದ ಸಮ ಮಾಡಿ, ಮೇಲೆ ಹೊಗೆ ಹಿಡಿಸಿ ಕಪ್ಪು ಮಾಡಿದರೆ ಫೋನಿನ ಚಿತ್ರದಲ್ಲಿ ಏನೂ ಗೊತ್ತಾಗುವುದಿಲ್ಲ. ಭೂತಗನ್ನಡಿಯಲ್ಲಿ ಬೇರೆಯೇ ಕಾಣುತ್ತದೆ: ಅಂಚಿನ ಒಳಸುತ್ತಿನಲ್ಲಿ ಸಾಲಾಗಿ ಬರುವ ಸಣ್ಣ ಹಲ್ಲುಗಳು ಅಲ್ಲಿ ಮಾತ್ರ ಇರುವುದಿಲ್ಲ, ಅಥವಾ ಅಂಕುಡೊಂಕಾಗಿರುತ್ತವೆ, ತುಂಬಿದ ಬೆಳ್ಳಿಯ ಮೈ ಸಣ್ಣ ಹರಳಿನಂತೆ ಒರಟಾಗಿದ್ದು, ಸುತ್ತ ಕೂದಲೆಳೆಯಷ್ಟು ತೆಳುವಾದ ಗೆರೆ ಇರುತ್ತದೆ, ಹಿಂಬದಿಯಲ್ಲೂ ಅದೇ ನೇರಕ್ಕೆ ಹೂಬಳ್ಳಿಯ ಎಲೆ ಮಸುಕಾಗಿರುತ್ತದೆ. ಬೆರಳ ತುದಿಯಲ್ಲಿ ನಿಲ್ಲಿಸಿ ಮೆಲ್ಲಗೆ ತಟ್ಟಿದರೆ ಒಳ್ಳೆಯ ಬೆಳ್ಳಿ ರೂಪಾಯಿಯ ದೀರ್ಘ ನಾದದ ಬದಲು ಮೊಂಡು ಸದ್ದು ಬರುವುದುಂಟು. ರಿಪೇರಿ ಮಾಡಿಸಿದವರು ನೀವಲ್ಲದಿದ್ದರೂ, ಕಂಡ ಮೇಲೆ ಹೇಳುವ ಹೊಣೆ ನಿಮ್ಮದು. ಬಯಲಾಗಿರುವ ತೂತಿಗಿಂತ ಮುಚ್ಚಿದ ತೂತಿಗೆ ಹೆಚ್ಚು ಬೆಲೆ ಕೇಳುವುದರಲ್ಲಿಯೂ ನನಗೆ ನ್ಯಾಯ ಕಾಣುವುದಿಲ್ಲ. ಸಂಗ್ರಾಹಕರ ಕಣ್ಣಿನಲ್ಲಿ ಎರಡೂ ಒಂದೇ ನಷ್ಟ, ಮೇಲಾಗಿ ಎರಡನೆಯದರಲ್ಲಿ ಮರೆಮಾಚುವ ಉದ್ದೇಶವೂ ಸೇರಿದೆ.

ಹಳೆಯ ಗುರುತುಗಳೆಲ್ಲ ಹಾನಿಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮೊಘಲ್ ರೂಪಾಯಿಗಳ ಮೇಲೆ ಚಿನಿವಾರರು, ಎಂದರೆ ಹಣ ಬದಲಾಯಿಸಿ ಕೊಡುತ್ತಿದ್ದವರು, ಬೆಳ್ಳಿಯನ್ನು ಪರೀಕ್ಷಿಸಿ ಒತ್ತಿದ ಸಣ್ಣ ಮುದ್ರೆಗಳು ನಾಣ್ಯದ ಚರಿತ್ರೆಯ ಭಾಗವೇ ಆಗಿವೆ. ಅವು ಬೆಲೆಯನ್ನು ಸ್ವಲ್ಪ ಇಳಿಸಬಹುದು. ಆದರೆ ಅವನ್ನು ನಿನ್ನೆ ಮೊನ್ನೆ ಮೊಳೆಯಿಂದ ಗೀಚಿದ ಗೀರಿನ ಸಾಲಿಗೆ ಸೇರಿಸಬಾರದು. ಚಿನಿವಾರರ ಮುದ್ರೆ ಎಂದೇ ಬರೆದರೆ ಬೇಕಾದವರು ಬೇಕೆಂದೇ ಕೊಳ್ಳುತ್ತಾರೆ.

ತಾಮ್ರದ ನಾಣ್ಯಗಳಲ್ಲಿ ತೊಡಕು ಬೇರೆ ಬಗೆಯದು. ಟಿಪ್ಪು ಸುಲ್ತಾನನ ಆನೆಯ ಪೈಸೆಗಳು ನಮ್ಮ ಭಾಗದಲ್ಲಿ ಧಾರಾಳವಾಗಿ ಸಿಗುತ್ತವೆ, ಆದರೆ ಬಹುತೇಕ ಕಿಲುಬು ಹಿಡಿದೇ ಸಿಗುತ್ತವೆ. ಅದನ್ನು ಆಮ್ಲದಲ್ಲಿ ಅದ್ದಿದರೆ ಕಿಲುಬಿನ ಜೊತೆಗೆ ಮೇಲ್ಮೈಯೂ ಹೋಗಿ, ಗುಲಾಬಿ ಬಣ್ಣದ ರಂಧ್ರಮಯ ತಾಮ್ರ ಹೊರಬೀಳುತ್ತದೆ. ಟಂಕಸಾಲೆಯ ಹೆಸರು, ಬಲದಿಂದ ಎಡಕ್ಕೆ ಓದಬೇಕಾದ ಮೌಲೂದಿ (ಟಿಪ್ಪು ಜಾರಿಗೆ ತಂದ ಕಾಲಗಣನೆ) ವರ್ಷದ ಅಂಕಿಗಳು ಅರ್ಧಂಬರ್ಧ ಅಳಿಸಿಹೋಗುತ್ತವೆ. ಆಮೇಲೆ ಉಳಿದ ಎರಡು ಗೆರೆಗಳನ್ನು ನೋಡಿ ಇದು ಅಪರೂಪದ ಟಂಕಸಾಲೆಯದು ಎಂದು ಊಹಿಸಿ, ಆ ಊಹೆಯ ಬೆಲೆ ಕೇಳುವವರುಂಟು. ಓದಲು ಬಾರದ ಅಕ್ಷರಕ್ಕೆ ಬೆಲೆ ಕಟ್ಟಬಾರದು. 'ಟಂಕಸಾಲೆಯ ಹೆಸರು ಸ್ಪಷ್ಟವಿಲ್ಲ' ಎಂದು ಬರೆದು ಸಾಮಾನ್ಯ ಪೈಸೆಯ ಬೆಲೆ ಇಡಿ.

ಹಾನಿಯನ್ನು 'ಎರರ್' ಎಂದು ಕರೆಯಬೇಡಿ

ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ 'ಎರರ್' ನಾಣ್ಯಗಳಿಗೆ ಸಂಗ್ರಾಹಕರು ಹೆಚ್ಚು ಹಣ ಕೊಡುತ್ತಾರೆ. ಇದು ತಿಳಿದವರು ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯವನ್ನೂ, ನಡುವಿನ ತಿರುಳು ಹೊರತಳ್ಳಿದ ಹತ್ತು ರೂಪಾಯಿಯ ಎರಡು ಲೋಹದ ನಾಣ್ಯವನ್ನೂ 'ಎರರ್' ಎಂದು ಮಾರುತ್ತಾರೆ. ಅಂಚು ತುಂಡಾದ ನಾಣ್ಯವನ್ನು ಪರೀಕ್ಷಿಸುವುದು ಸುಲಭ. ಅಚ್ಚಿಗೆ ಮೊದಲೇ ಬಿಲ್ಲೆ ತುಂಡಾಗಿದ್ದರೆ, ಅಂಚು ಎಬ್ಬಿಸುವಾಗ ಒತ್ತಡ ಸಾಲದೆ ತುಂಡಿನ ಸರಿ ಎದುರು ಬದಿಯ ಅಂಚು ಮಸುಕಾಗುವುದು ಸಾಮಾನ್ಯ. ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಎನ್ನುತ್ತಾರೆ. ಎದುರು ಬದಿ ಚೆನ್ನಾಗಿ ಎದ್ದಿದ್ದು, ಕತ್ತರಿಸಿದ ಜಾಗದಲ್ಲಿ ಅರದ ಗೆರೆಗಳಿದ್ದರೆ ಅದು ಯಾರೋ ಕತ್ತರಿಸಿದ ನಾಣ್ಯ. ನಿಮಗೆ ನಿರ್ಧರಿಸಲಾಗದಿದ್ದರೆ ಚಿತ್ರ ಹಾಕಿ 'ಅಂಚು ತುಂಡಾಗಿದೆ' ಎಂದಷ್ಟೇ ಬರೆಯಿರಿ.

ತಿದ್ದಿದ ವರ್ಷಗಳದ್ದು ಇದಕ್ಕಿಂತ ಕೆಟ್ಟ ಕಥೆ. ಆರನೇ ಜಾರ್ಜ್‌ನ 1939ರ ರೂಪಾಯಿ ಅಪರೂಪದ್ದು, 1938ರದು ಹಾಗಲ್ಲ. ಎಂಟನ್ನು ಒಂಬತ್ತಾಗಿಸಿದ ನಾಣ್ಯಗಳು ಪೇಟೆಯಲ್ಲಿ ಬಹಳ ಹಿಂದಿನಿಂದಲೂ ಓಡಾಡುತ್ತಿವೆ. ಅಂತಹದೊಂದು ನಿಮ್ಮ ಕೈಗೆ ಬಂದರೆ ಅದನ್ನು 'ವರ್ಷ ತಿದ್ದಿದ 1938ರ ನಾಣ್ಯ' ಎಂದು ಬೆಳ್ಳಿಯ ಬೆಲೆಗೆ ಮಾರಬಹುದು, ಅಥವಾ ಮಾರದೆ ಇಟ್ಟುಕೊಳ್ಳಬಹುದು. ಮೂರನೆಯ ದಾರಿ ಇಲ್ಲ.

ಚಿತ್ರ ಮತ್ತು ಶೀರ್ಷಿಕೆ

ಎರಡು ಮುಖ ಮತ್ತು ಅಂಚು, ಮೂರರ ಚಿತ್ರವೂ ಬೇಕು. ನೇರ ಬೆಳಕಿನಲ್ಲಿ ಒಂದು, ಓರೆ ಬೆಳಕಿನಲ್ಲಿ ಒಂದು ತೆಗೆಯಿರಿ. ಪಾಲಿಶ್ ಮಾಡಿದಾಗ ಉಳಿಯುವ ನವಿರಾದ ಗೀರುಗಳು ಓರೆ ಬೆಳಕಿಗೆ ಮಾತ್ರ ಹೊಳೆಯುತ್ತವೆ. ಫಿಲ್ಟರ್ ಹಾಕಬಾರದು, ಬಣ್ಣ ತಿದ್ದಬಾರದು. ದೋಷವಿರುವ ಜಾಗದ್ದೇ ಒಂದು ಹತ್ತಿರದ ಚಿತ್ರ ಇರಲಿ, ಅದು ಸಾಲಿನ ಕೊನೆಯಲ್ಲಿ ಅಡಗದೆ ಎರಡನೆಯ ಅಥವಾ ಮೂರನೆಯ ಸ್ಥಾನದಲ್ಲಿರಲಿ. ನಾಣ್ಯ ಪ್ಲಾಸ್ಟಿಕ್ ಚೀಲದಲ್ಲಿದ್ದರೆ ಹೊರತೆಗೆದೇ ಚಿತ್ರ ತೆಗೆಯಬೇಕು. ಪಿವಿಸಿ ಚೀಲಗಳು ವರ್ಷಗಳು ಕಳೆದಂತೆ ನಾಣ್ಯದ ಮೇಲೆ ಹಸಿರು ಜಿಡ್ಡು ಬಿಡುತ್ತವೆ, ಚೀಲದ ಹೊಳಪಿನಲ್ಲಿ ಅದು ಕಾಣುವುದಿಲ್ಲ.

ಶೀರ್ಷಿಕೆಯಲ್ಲೇ ದೋಷದ ಹೆಸರು ಬರಲಿ. ಫೋನಿನಲ್ಲಿ ಹುಡುಕುವವರು ಪೂರ್ಣ ವಿವರಣೆ ತೆರೆಯುವ ಮೊದಲೇ ಬೆಲೆ ಹೋಲಿಸಿ ತೀರ್ಮಾನಕ್ಕೆ ಬಂದಿರುತ್ತಾರೆ. 'ವಿಕ್ಟೋರಿಯಾ ರಾಣಿ, 1 ರೂಪಾಯಿ, 1862, ಬೆಳ್ಳಿ, ತೂತು ಮುಚ್ಚಿದ್ದು, ಪಾಲಿಶ್ ಆಗಿದ್ದು, 11.45 ಗ್ರಾಂ' ಎಂಬಷ್ಟರಲ್ಲಿ ಹೇಳಬೇಕಾದದ್ದೆಲ್ಲ ಮುಗಿಯುತ್ತದೆ. 1862 ಎಂಬ ವರ್ಷ 1874ರವರೆಗೂ ಅಚ್ಚಿನಲ್ಲಿ ಹಾಗೆಯೇ ಉಳಿದಿತ್ತು. ಆದ್ದರಿಂದ ಈ ನಾಣ್ಯ ಸಾಮಾನ್ಯವಾದದ್ದು, ಅದರ ಮುಂದೆ 'ಅತ್ಯಪರೂಪ' ಎಂದು ಸೇರಿಸುವುದು ಸುಳ್ಳಾಗುತ್ತದೆ. 'ಮುಂದೆ ಬೆಲೆ ಏರುವುದು ಖಂಡಿತ' ಎಂಬ ಮಾತನ್ನಂತೂ ಹಾನಿಯಾದ ನಾಣ್ಯದ ಬಳಿಗೆ ತರಲೇಬೇಡಿ. 'ನನಗೆ ನಾಣ್ಯಗಳ ಬಗ್ಗೆ ತಿಳಿಯದು, ಚಿತ್ರ ನೋಡಿ ನೀವೇ ನಿರ್ಧರಿಸಿ' ಎಂಬ ಸಾಲು ನಿಜವಾಗಿಯೂ ತಿಳಿಯದವರಿಗೆ ಮಾತ್ರ ಸಲ್ಲುತ್ತದೆ; ಐವತ್ತು ನಾಣ್ಯಗಳನ್ನು ಮಾರಾಟಕ್ಕಿಟ್ಟವರ ಬಾಯಲ್ಲಿ ಅದು ತಪ್ಪಿಸಿಕೊಳ್ಳುವ ಉಪಾಯ.

ಬೆಲೆಯ ಲೆಕ್ಕ

ಈಗ ಬೆಲೆ. ಬೆಳ್ಳಿ ನಾಣ್ಯಕ್ಕೆ ತಳಬೆಲೆ ಲೋಹದ್ದು. 11.45 ಗ್ರಾಂ ತೂಗುವ ರೂಪಾಯಿಯಲ್ಲಿ ಸುಮಾರು 10.5 ಗ್ರಾಂ ಬೆಳ್ಳಿ ಇರುತ್ತದೆ. ಲೆಕ್ಕಕ್ಕೆಂದು ಬೆಳ್ಳಿಯ ದರ ಗ್ರಾಂಗೆ 100 ರೂಪಾಯಿ ಎಂದಿಟ್ಟುಕೊಂಡರೆ ಲೋಹದ ಮೌಲ್ಯ 1,050 ರೂಪಾಯಿ. ಆ ದಿನದ ದರ ಹಾಕಿ ನೀವೇ ಗುಣಿಸಿಕೊಳ್ಳಬಹುದು. ತೂತು ಮುಚ್ಚಿದ ನಾಣ್ಯದಲ್ಲಿ ತುಂಬಿದ ಲೋಹ ಎಂತಹದು ಎಂಬುದು ಗೊತ್ತಿರುವುದಿಲ್ಲವಾದ್ದರಿಂದ ಸ್ವಲ್ಪ ಕಳೆದೇ ಲೆಕ್ಕ ಹಾಕಬೇಕು.

ಮೇಲಿನ ಮಿತಿಯನ್ನು ತಿಳಿಯಲು ಅದೇ ವರ್ಷದ, ಅದೇ ಟಂಕಸಾಲೆಯ, ಅದೇ ಬಗೆಯ ಹಾನಿಯಾದ ನಾಣ್ಯ ಎಷ್ಟಕ್ಕೆ ಮಾರಾಟವಾಗಿದೆ ಎಂದು ಹುಡುಕಬೇಕು. ಇಲ್ಲಿ ಎರಡು ಎಚ್ಚರ ಬೇಕು. ಒಂದು, ಕೇಳಿದ ಬೆಲೆಯನ್ನು ಮಾರಾಟವಾದ ಬೆಲೆ ಎಂದುಕೊಳ್ಳಬಾರದು. ಮಾತಾ ವೈಷ್ಣೋದೇವಿಯ ಚಿತ್ರವಿರುವ ಐದು, ಹತ್ತು ರೂಪಾಯಿ ನಾಣ್ಯಗಳಿಗೆ ಲಕ್ಷಗಟ್ಟಲೆ ಬೆಲೆ ಹಾಕಿದ ಜಾಹೀರಾತುಗಳನ್ನು ಎಲ್ಲರೂ ನೋಡಿದ್ದಾರೆ. ಆ ಬೆಲೆಗೆ ಕೊಂಡವರನ್ನು ಮಾತ್ರ ಯಾರೂ ನೋಡಿಲ್ಲ. ಎರಡು, ಕ್ಯಾಟಲಾಗಿನ ಬೆಲೆ ಹಾನಿಯಿಲ್ಲದ ನಾಣ್ಯದ್ದು. ಅದನ್ನು ಹಿಡಿದು ಇಂತಿಷ್ಟು ಪಾಲು ಕಡಿಮೆ ಎಂದು ಎಲ್ಲ ನಾಣ್ಯಗಳಿಗೂ ಒಂದೇ ಲೆಕ್ಕ ಹಾಕಲು ಬರುವುದಿಲ್ಲ. ಸಾಮಾನ್ಯ ರೂಪಾಯಿಗೆ ತೂತು ಬಿದ್ದರೆ ಸಂಗ್ರಾಹಕರಿಗೆ ಅದು ಬೇಡ, ಏಕೆಂದರೆ ತೂತಿಲ್ಲದ್ದು ಬೇಕಾದಷ್ಟು ಸಿಗುತ್ತದೆ. ಬೆಲೆ ಲೋಹದ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಅಪರೂಪದ ನಾಣ್ಯಕ್ಕೆ ತೂತು ಬಿದ್ದರೆ ಬೆಲೆ ಬಹಳ ಇಳಿದರೂ ಲೋಹದ ಮಟ್ಟಕ್ಕೆ ಹೋಗುವುದಿಲ್ಲ, ಏಕೆಂದರೆ ಒಳ್ಳೆಯದನ್ನು ಕೊಳ್ಳಲಾಗದವರು ಇದನ್ನಾದರೂ ಕೊಳ್ಳಲು ಸಿದ್ಧರಿರುತ್ತಾರೆ.

ತಳಬೆಲೆಗೂ ಮೇಲಿನ ಮಿತಿಗೂ ನಡುವೆ ಎಲ್ಲಿ ನಿಲ್ಲಬೇಕು ಎಂಬುದು ನಿಮಗೆ ಬಿಟ್ಟದ್ದು. ಲಾಭ ಮಾಡುವುದು ತಪ್ಪಲ್ಲ, ಚೌಕಾಸಿಗೆ ಸ್ವಲ್ಪ ಜಾಗ ಇಡುವುದೂ ತಪ್ಪಲ್ಲ. ಆದರೆ ಕೊಳ್ಳುವವರಿಗೆ ತಿಳಿಯದು ಎಂಬುದೊಂದೇ ಆಧಾರದ ಮೇಲೆ ನಿಂತ ಬೆಲೆಯನ್ನು ನ್ಯಾಯವಾದದ್ದು ಎನ್ನಲಾಗದು. ಇದನ್ನು ಪರೀಕ್ಷಿಸಲು ಒಂದು ಸರಳ ದಾರಿಯಿದೆ: ನೀವು ಬರೆದ ದೋಷಗಳನ್ನೆಲ್ಲ ಓದಿದ, ನಾಣ್ಯ ಬಲ್ಲ ಒಬ್ಬರು ಈ ಬೆಲೆಯನ್ನು ಕಂಡರೆ 'ಸ್ವಲ್ಪ ಹೆಚ್ಚಾಯಿತು' ಎನ್ನುತ್ತಾರೆಯೇ, ಅಥವಾ ನಕ್ಕುಬಿಡುತ್ತಾರೆಯೇ ಎಂದು ಯೋಚಿಸಿ ನೋಡಿ. ನಾಣ್ಯದ ಬೆಲೆ ಇಳಿಸಿ, ಸಾಗಣೆ ವೆಚ್ಚದಲ್ಲಿ ಅದನ್ನು ವಸೂಲು ಮಾಡುವುದೂ, ಹರಾಜಿನಲ್ಲಿ ಗೆಳೆಯರ ಖಾತೆಯಿಂದ ಕೂಗು ಏರಿಸುವುದೂ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಕೊಳ್ಳುವಾಗಲೂ ಇದೇ ಮಾತು

ಮಾರುವವರ ನೀತಿಯ ಬಗ್ಗೆ ಮಾತನಾಡುವಾಗ ಅವರು ಕೊಂಡ ಬಗೆಯನ್ನು ಯಾರೂ ಕೇಳುವುದಿಲ್ಲ. ಹಳ್ಳಿಯ ಹಿರಿಯರೊಬ್ಬರು ರೂಪಾಯಿ ಪೋಣಿಸಿದ ಹಳೆಯ ಸರವನ್ನು ತೂಕದ ಲೆಕ್ಕದಲ್ಲಿ ಕೊಡಲು ಒಪ್ಪುತ್ತಾರೆ ಎಂದುಕೊಳ್ಳಿ. ಅದರಲ್ಲಿ ಐದನೇ ಜಾರ್ಜ್‌ನ 1911ರ ರೂಪಾಯಿಯೊಂದು ಇದೆ. ರಾಜನ ಮೇಲಂಗಿಯ ಸರದಲ್ಲಿದ್ದ ಆನೆ ಹಂದಿಯಂತೆ ಕಾಣುತ್ತದೆ ಎಂದು ಜನ ಸಿಡಿದೆದ್ದದ್ದರಿಂದ ಆ ನಾಣ್ಯವನ್ನು ಹಿಂತೆಗೆದುಕೊಂಡು, 1912ರಿಂದ ತಿದ್ದಿದ ಅಚ್ಚನ್ನು ಬಳಸಿದರು. ಹಾಗಾಗಿ 1911ರದಕ್ಕೆ ಕೊಂಡಿಯ ಗುರುತಿದ್ದರೂ ಬೆಳ್ಳಿಗಿಂತ ಹೆಚ್ಚಿನ ಬೆಲೆಯಿದೆ. ಅದು ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಆ ಒಂದು ನಾಣ್ಯವನ್ನು ಬೇರೆಯಾಗಿ ತೋರಿಸಿ, ಬೇರೆ ಬೆಲೆ ಹೇಳಿ ಕೊಳ್ಳುವುದು ಸರಿಯಾದ ಕ್ರಮ. ಹವ್ಯಾಸಿಗಳ ನಡುವೆ ಇದಕ್ಕೆ ವಿರುದ್ಧದ ಮಾತೂ ಬಲವಾಗಿದೆ: ತಿಳಿವಳಿಕೆ ಗಳಿಸಲು ವರ್ಷಗಳ ಶ್ರಮ ಹಾಕಿದ್ದೇವೆ, ಅದರ ಫಲ ನಮಗೇ ಸೇರಬೇಕು ಎನ್ನುತ್ತಾರೆ. ಅಂಗಡಿಯವರಿಂದ ಕೊಳ್ಳುವಾಗ ನಾನು ಆ ಮಾತನ್ನು ಒಪ್ಪುತ್ತೇನೆ, ಏಕೆಂದರೆ ತಿಳಿದಿರಬೇಕಾದದ್ದು ಅವರ ವೃತ್ತಿ. ಮನೆಯ ಒಡವೆಯನ್ನು ಕಷ್ಟಕ್ಕೆ ಮಾರುವವರ ಮುಂದೆ ಅದನ್ನು ಹೇಳಲು ಬಾಯಿ ಬರುವುದಿಲ್ಲ.

ಕಾಯ್ದೆ ಹೇಳುವಷ್ಟು

1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತು. ಅಂತಹವುಗಳ ಮಾರಾಟವನ್ನು ವ್ಯಾಪಾರವಾಗಿ ನಡೆಸಲು ಪರವಾನಗಿ ಬೇಕು, ಖಾಸಗಿಯವರು ಅವನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಕನ್ನಡಿಗರು ಮೈಸೂರಿನ ಹಳೆಯ ಕಾಸು ಬೇಕೆಂದು ಪ್ರೀತಿಯಿಂದ ಕೇಳಿದರೂ ಅಂಚೆಗೆ ಹಾಕಬಾರದು. ನಾಣ್ಯ ಹಾಳಾಗಿದೆ, ಬೆಲೆ ಕಡಿಮೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಆಡಳಿತಕ್ಕೆ ತಿಳಿಸದೆ ಮಾರುವುದು ಬೇರೆಯೇ ಅಪರಾಧ, ಅದನ್ನು ಕೊಂಡು ಮಾರುವವರಿಗೂ ಅದರ ಬಿಸಿ ತಟ್ಟುತ್ತದೆ.

1930ರ ಸರಕು ಮಾರಾಟ ಕಾಯ್ದೆಯಂತೆ ವಿವರಣೆಯ ಮೇಲೆ ಮಾರಿದ ವಸ್ತು ಆ ವಿವರಣೆಗೆ ಹೊಂದಲೇಬೇಕು. 2020ರ ಇ-ಕಾಮರ್ಸ್ ನಿಯಮಗಳು ಇನ್ನೂ ಮುಂದೆ ಹೋಗಿ, ಮಾರುಕಟ್ಟೆ ಜಾಲತಾಣಗಳ ಮೂಲಕ ಮಾರುವವರು ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಅಥವಾ ದೋಷವಿರುವ ವಸ್ತುವನ್ನು ಹಿಂಪಡೆಯಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ ಎನ್ನುತ್ತವೆ. ಹೀಗಿರುವಾಗ, ಹೇಳದೆ ಬಿಟ್ಟ ದೋಷಕ್ಕೆ 'ಮಾರಿದ ನಾಣ್ಯ ಹಿಂಪಡೆಯುವುದಿಲ್ಲ' ಎಂಬ ಸಾಲು ಅಡ್ಡ ಬರಲಾರದು. ಇನ್ನೊಂದು ವಿಷಯ: ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಬಳಸಿ ಹಳೆಯ ನಾಣ್ಯಗಳ ವ್ಯವಹಾರಕ್ಕೆ ಶುಲ್ಕ, ಕಮಿಷನ್, ತೆರಿಗೆ ಕೇಳುವ ವಂಚಕರಿದ್ದಾರೆಂದು ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಜನರನ್ನು ಎಚ್ಚರಿಸಿದೆ. ಮಾರುವವರೂ ಕೊಳ್ಳುವವರೂ ಮುಂಗಡ ಶುಲ್ಕ ಕೇಳುವ ಕರೆಗಳನ್ನು ಅಲ್ಲಿಗೇ ಬಿಡಬೇಕು.

ಮಾರಿದ ಮೇಲೆ

ನಾಣ್ಯ ತಲುಪಿದ ಮೇಲೆ ಪರೀಕ್ಷಿಸಿ ಹಿಂದಿರುಗಿಸಲು ಕೊಳ್ಳುವವರಿಗೆ ಕನಿಷ್ಠ ಒಂದು ವಾರ ಕೊಡಿ. ಕಳುಹಿಸುವ ಮುನ್ನ ತಕ್ಕಡಿಯ ಮೇಲಿರುವ ನಾಣ್ಯದ ಚಿತ್ರವನ್ನು ತೆಗೆದಿಟ್ಟುಕೊಂಡರೆ, ಬೇರೆ ನಾಣ್ಯ ಮರಳಿ ಬಂದಾಗ ಗುರುತಿಸಲು ಅನುಕೂಲ. ನೀವು ಗಮನಿಸದ ದೋಷವೊಂದನ್ನು ಅವರು ತೋರಿಸಿದರೆ ಪೂರ್ತಿ ಹಣ ಮರಳಿಸುವುದೋ, ದೋಷಕ್ಕೆ ತಕ್ಕಷ್ಟು ಬೆಲೆ ಇಳಿಸುವುದೋ ಎಂಬ ಆಯ್ಕೆಯನ್ನು ಅವರಿಗೇ ಬಿಡಿ. ಹಿಂದಿರುಗಿಸುವ ಸಾಗಣೆ ವೆಚ್ಚ ನಿಮ್ಮದು. ಮಾರಿದ ಎಷ್ಟೋ ದಿನಗಳ ಮೇಲೆ, ಅದೇ ಚಿತ್ರಗಳನ್ನು ಮತ್ತೆ ನೋಡುವಾಗ, ಬೆಸುಗೆಯ ಗುರುತು ನಿಮ್ಮ ಕಣ್ಣಿಗೇ ಬಿದ್ದರೆ, ಅವರು ಕೇಳುವವರೆಗೆ ಕಾಯದೆ ತಿಳಿಸಬೇಕು.

ಮರಳಿ ಬಂದ ನಾಣ್ಯವನ್ನು ಮತ್ತೆ ಮಾರಾಟಕ್ಕೆ ಇಡುವಾಗ ಹಳೆಯ ವಿವರಣೆಯನ್ನು ನಕಲಿಸಿ ಅಂಟಿಸಬೇಡಿ. ಹೊಸದಾಗಿ ತಿಳಿದ ದೋಷವನ್ನು ಶೀರ್ಷಿಕೆಗೆ ಸೇರಿಸಿ, ಆ ಜಾಗದ ಹತ್ತಿರದ ಚಿತ್ರವನ್ನು ಹಾಕಿ, ಬೆಲೆಯ ಲೆಕ್ಕವನ್ನು ಆ ದಿನದ ಬೆಳ್ಳಿಯ ದರದಿಂದ ಮತ್ತೆ ಆರಂಭಿಸಿ.